ಎಂಬತ್ತೈದರ ಜೋಡಿ

ಬ್ನೇದ್ ಅಲ್ ಗಾರ್, ಕುವೈತ್
18 ಅಕ್ಟೋಬರ್ 2024

ಪ್ರೀತಿಯ ಸುಪ್ಪಿ,

ಇಲ್ಲಿ ನಾನೂ ಪಪ್ಪನೂ ಗಟ್ಟಿಮುಟ್ಟಾಗಿದ್ದೇವೆ. ಹಾಸ್ಟೆಲಿನ ಊಟ ಹೇಗಿದೆ ಎಂದು ಕೇಳುವುದಿಲ್ಲ, ಕೇಳಿದರೆ ನಿನ್ನ ಪುರಾಣ ಮುಗಿಯುವುದಿಲ್ಲ. ಫೋನಿನಲ್ಲಾದರೆ ನೀನು ‘ಹ್ಞೂಂ, ಮತ್ತೆ’ ಎಂದು ಎರಡೇ ನಿಮಿಷಕ್ಕೆ ಇಟ್ಟುಬಿಡುತ್ತೀ, ಅದಕ್ಕೇ ಈ ಕಾಗದ. ಕೆಳಗಿನ ಮನೆಯ ಝಾಹಿದಾ ನಾಳೆ ಮಂಗಳೂರಿಗೆ ಹೊರಟಿದ್ದಾಳೆ. ತನ್ನ ಬ್ಯಾಗಿನಲ್ಲಿ ನನಗೂ ಸ್ವಲ್ಪ ಜಾಗ ಕೊಟ್ಟಿದ್ದಾಳೆ. ಖರ್ಜೂರ, ಹಾಲಿನ ಪುಡಿ, ನಿನ್ನ ಶಾಂಪೂ ತುಂಬಿಸಿದ ಮೇಲೆ ಉಳಿದದ್ದು ಒಂದು ಕಾಗದದಷ್ಟೇ ಜಾಗ.

ಈಗ ಸುದ್ದಿ ಕೇಳು. ನಿನಗೆ ಮೂರು ಬ್ಯಾಟು ಸಿಕ್ಕಿವೆ, ಅದೂ ಪುಕ್ಕಟೆ. ಮೊನ್ನೆ ಬೆಳಿಗ್ಗೆ ಕಸ ಹಾಕಲು ಹೋದರೆ ಲಿಫ್ಟಿನ ಪಕ್ಕ, ಕಸದ ಕೋಣೆಯ ಬಾಗಿಲಿಗೆ ಒರಗಿಸಿ ಯಾರೋ ಒಂದು ಉದ್ದನೆಯ ಬ್ಯಾಗು ಇಟ್ಟಿದ್ದರು. ಊರು ಬಿಡುವವರು ಸಾಮಾನು ಹೊರಗಿಡುವುದು, ಇರುವವರು ಎತ್ತಿಕೊಂಡು ಬರುವುದು ಇಲ್ಲಿಯ ಪದ್ಧತಿ, ನಿನಗೆ ಗೊತ್ತೇ ಇದೆ. ನೀನು ಹತ್ತನೇ ಕ್ಲಾಸು ಓದಿದ ಮೇಜೂ ಹಾಗೇ ಬಂದದ್ದು. ಜಿಪ್ಪು ಎಳೆದು ನೋಡಿದೆ. ಮೂರು ಬ್ಯಾಟು, ಬಿಳಿ ಟವೆಲು, ಕೈಗೆ ಹಾಕುವ ಪಟ್ಟಿ. ಹಾರಿಸ್ ಬರುವ ಮೊದಲೇ ಮನೆಯೊಳಗೆ ತಂದುಬಿಟ್ಟೆ. ನಮ್ಮ ಕಟ್ಟಡದ ಕಾವಲುಗಾರನ ಕಣ್ಣಿಗೆ ಬಿದ್ದಿದ್ದರೆ ಅದು ಸಂಜೆಯೊಳಗೆ ಮಾರಾಟವಾಗುತ್ತಿತ್ತು.

ಪಪ್ಪ ನಗುತ್ತಾರೆ. “ಅದು ಮೇಲಿನ ಮನೆಯ ಜಪಾನಿನವರದ್ದು ಇರಬೇಕು, ಆ ಹೆಂಗಸು ಹಿಡ್ಕೊಂಡು ಬಂದದ್ದು ನಾನು ನೋಡಿದ್ದೆ” ಎಂದರು. ಆ ಹೆಂಗಸನ್ನು ನಾನೂ ಲಿಫ್ಟಿನಲ್ಲಿ ನೋಡಿದ್ದೇನೆ. ಗಂಡ ಯಾವುದೋ ವಿದ್ಯುತ್ ಸ್ಥಾವರದಲ್ಲಿ ಇಂಜಿನಿಯರ್. ಅವಳು ಮಾತಾಡುವುದಿಲ್ಲ, ತಲೆ ಬಾಗಿಸುತ್ತಾಳೆ, ನಾನೂ ಬಾಗಿಸುತ್ತೇನೆ, ನಾಲ್ಕನೇ ಮಹಡಿ ಬರುವವರೆಗೆ ಇಬ್ಬರೂ ಬಾಗಿಸಿಕೊಂಡೇ ಇರುತ್ತೇವೆ. ಬ್ಯಾಗಿನ ಮೇಲೆ ಇಂಗ್ಲಿಷಿನಲ್ಲಿ ‘ಟಿ. ಹಯಾಸೆ’ ಎಂದು ಹೊಲಿದಿದ್ದಾರೆ. ಅದನ್ನು ಬಿಚ್ಚಿ ತೆಗೆದು, ಕ್ರಿಸ್‌ಮಸ್ಸಿಗೆ ಊರಿಗೆ ಹೋಗುವ ಬೊನವೆಂಚರ್ ಅವರ ಕೈಯಲ್ಲಿ ಕಳಿಸುತ್ತೇನೆ. ನೀನು ಮತ್ತೆ ಆಡಲು ಶುರು ಮಾಡು.

ನಿನ್ನ
ಅಮ್ಮ

*

ಮಂಗಳೂರು
1 ನವೆಂಬರ್ 2024

ಅಮ್ಮಾ,

ಆ ಹೆಸರನ್ನು ಬಿಚ್ಚಬೇಡ. ಕತ್ತರಿ ಎಲ್ಲಿದ್ದರೂ ಒಳಗಿಡು. ಝಾಹಿದಾ ಆಂಟಿ ವಾಪಸ್ ಹೊರಡುವ ಮೊದಲು ಈ ಕಾಗದ ಕೊಡಬೇಕೆಂದು ಕ್ಲಾಸು ಬಿಟ್ಟು ಕೂತು ಬರೆಯುತ್ತಿದ್ದೇನೆ. ನಿನ್ನ ಕಾಗದವನ್ನು ಹಾಸ್ಟೆಲಿನ ಮೆಟ್ಟಿಲಲ್ಲೇ ಓದಿ ನಾನು ಹಾಕಿದ ಕೂಗಿಗೆ ವಾರ್ಡನ್ ಓಡಿ ಬಂದರು.

ಮೇಲಿನ ಮನೆಯಲ್ಲಿರುವುದು ತೊಮೊಯೆ ಹಯಾಸೆ. ಶಾಲೆಯಲ್ಲಿರುವಾಗ ನನ್ನ ಕಪಾಟಿನ ಬಾಗಿಲಿಗೆ ಯಾರ ಫೋಟೋ ಅಂಟಿಸಿದ್ದೆ ಎಂದು ಒಮ್ಮೆ ನೆನಪು ಮಾಡು. ನೀನು ‘ಈ ಹುಡುಗಿ ಯಾಕೆ ಇಷ್ಟು ಸಿಟ್ಟಿನಲ್ಲಿದ್ದಾಳೆ’ ಎಂದು ಕೇಳುತ್ತಿದ್ದೆಯಲ್ಲ, ಅವಳೇ. ಅದು ಸಿಟ್ಟಲ್ಲ, ಸ್ಮ್ಯಾಶ್ ಹೊಡೆಯುವ ಮುಖ.

ಅವರ ಕಥೆ ನನಗೆ ಬಾಯಿಪಾಠ. ಹಿಮ ಬೀಳುವ ಒಂದು ಸಣ್ಣ ಊರಿನ ಶಾಲೆಯಲ್ಲಿ ಆಟ ಶುರು ಮಾಡಿದರು. ಹದಿನೆಂಟಕ್ಕೆ ಕಂಪನಿ ತಂಡಕ್ಕೆ ಸೇರಿದರು. ಅಲ್ಲಿ ಆಟಗಾರ್ತಿಯರೂ ಕಂಪನಿಯ ನೌಕರರೇ ಅಮ್ಮಾ. ಬೆಳಿಗ್ಗೆ ಆಫೀಸಿನಲ್ಲಿ ಕೂತು ಕಾಗದಕ್ಕೆ ಮುದ್ರೆ ಒತ್ತುವುದು, ಊಟವಾದ ಮೇಲೆ ಕೋರ್ಟಿಗೆ ಹೋಗುವುದು. ಜೊತೆಗಾರ್ತಿ ಆಯುಮಿ, ಅದೇ ಶಾಲೆಯವಳು. ಆಯುಮಿ ಮುಂದೆ ನೆಟ್ಟಿನ ಹತ್ತಿರ, ತೊಮೊಯೆ ಹಿಂದೆ. ಹನ್ನೊಂದು ವರ್ಷ ಒಂದೇ ಜೋಡಿ, ಹಾಸ್ಟೆಲಿನಲ್ಲಿ ಒಂದೇ ಕೋಣೆ. ಮೊದಲ ಎರಡು ವರ್ಷ ಎಲ್ಲಿ ಹೋದರೂ ಮೊದಲ ಸುತ್ತಿನಲ್ಲೇ ಸೋತರು. ಆಮೇಲೆ ಸೋಲುವುದನ್ನೇ ಮರೆತರು. ಜಗತ್ತಿನಲ್ಲಿ ಆರನೇ ಸ್ಥಾನದವರೆಗೆ ಹೋದರು. ಜಕಾರ್ತಾದಲ್ಲಿ ಆಡಿದ ಒಂದು ರ‍್ಯಾಲಿ ಮುಗಿಯುವಷ್ಟರಲ್ಲಿ ನಾನು ಮ್ಯಾಗಿಗೆ ನೀರು ಕುದಿಸಿ ಮುಗಿಸಿದ್ದೆ. ನಾನೂ ನಿಧಿಯೂ ಶಾಲೆಯ ತಂಡದಲ್ಲಿ ಆಡುವಾಗ ನಾನು ತೊಮೊಯೆ, ಅವಳು ಆಯುಮಿ.

ನೀನು ಅವರ ರಾಕೆಟ್ಟುಗಳನ್ನು ಕಸದಿಂದ ಎತ್ತಿಕೊಂಡು ಬಂದಿದ್ದೀ. ನನಗೆ ಬೇಡ. ಅವು ಕಸದ ಹತ್ತಿರ ಬರಬೇಕಾದವಲ್ಲ. ಹೋಗಿ ಕೊಟ್ಟು ಬಾ. ಒಂದು ಸಹಿ ಮಾತ್ರ ಕೇಳು.

ಸುಪ್ಪಿ

*

ಬ್ನೇದ್ ಅಲ್ ಗಾರ್
24 ನವೆಂಬರ್ 2024

ಪ್ರೀತಿಯ ಸುಪ್ಪಿ,

ಪಪ್ಪನ ಹೋಟೆಲಿನ ಅಡುಗೆಯವರೊಬ್ಬರು ರಜೆಯಲ್ಲಿ ಹೊರಟಿದ್ದಾರೆ, ಈ ಕಾಗದ ಅವರ ಕಿಸೆಯಲ್ಲಿ ಬರುತ್ತದೆ. ಸಹಿ ಕೇಳಿಲ್ಲ, ಬೈಯಬೇಡ. ಆದದ್ದನ್ನು ಪೂರ್ತಿ ಓದು.

ಬ್ಯಾಗು ಹೊತ್ತು ಮೇಲೆ ಹೋದೆ. ಬರಿಗೈಯಲ್ಲಿ ಹೋಗುವುದು ಹೇಗೆಂದು ಚಕ್ಕುಲಿಯ ಡಬ್ಬಿಯನ್ನೂ ಹಿಡಿದಿದ್ದೆ. ಅವಳು ಬಾಗಿಲು ತೆಗೆದು ಬ್ಯಾಗು ನೋಡಿದವಳೇ ಬಾಯಿಗೆ ಕೈ ಅಡ್ಡ ಇಟ್ಟಳು. ಕದ್ದವಳು ವಾಪಸ್ ತಂದ ಹಾಗೆ ನಾನು ನಿಂತಿದ್ದೆ. “ಕಸ ಅಂತ ಎಣಿಸಿದೆ, ಸಾರಿ” ಎಂದೆ. “ಕಸವೇ. ನಿಮಗೆ ತೊಂದರೆ ಆಯಿತು, ಸಾರಿ” ಎಂದಳು. ಅವಳ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಅಳತೆಯವು, ಅದಕ್ಕೇ ಒಬ್ಬರದ್ದೊಬ್ಬರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಚಕ್ಕುಲಿ ತೆಗೆದುಕೊಂಡಳು, ಬ್ಯಾಗು ಮುಟ್ಟಲಿಲ್ಲ. ‘ಮಗಳಿಗೆ ಕಳಿಸಿ’ ಎಂದಳು. ಮಗಳು ಬೇಡವೆಂದಳು ಎಂದಾಗ ಮೊದಲ ಸಲ ನನ್ನ ಮುಖ ನೋಡಿದಳು.

ಹಾಗೆ ಬ್ಯಾಗು ಮತ್ತೆ ನಮ್ಮ ಮನೆಗೇ ಬಂತು. ಅಷ್ಟರಲ್ಲಿ ಬೊನವೆಂಚರ್ ಅವರ ಫೋನು. ಈಗ ನಮ್ಮ ಊರಿನವರ ಸಂಘದ ಆಟೋಟಗಳ ಕಾರ್ಯದರ್ಶಿ ಅವರೇ. ಜನವರಿಯಲ್ಲಿ ಶಟಲ್ ಟೂರ್ನಿ ಇದೆಯಂತೆ. ಅದರಲ್ಲಿ ‘ಎಂಬತ್ತೈದು ಪ್ಲಸ್’ ಎಂಬ ವಿಭಾಗ, ಅಂದರೆ ಜೋಡಿಯ ಇಬ್ಬರ ವಯಸ್ಸೂ ಕೂಡಿಸಿದರೆ ಎಂಬತ್ತೈದಾದರೂ ಆಗಬೇಕು. ಗಂಡಸರಲ್ಲಿ ನೂಕುನುಗ್ಗಲು. ಹೆಂಗಸರಲ್ಲಿ ಒಂದು ಜೋಡಿ ಕಡಿಮೆ, ಸಿಗದಿದ್ದರೆ ವಿಭಾಗವೇ ರದ್ದು. “ಕುಸುಮಕ್ಕ, ವಯಸ್ಸು ಹೇಳಲಿಕ್ಕೆ ಯಾರೂ ಒಪ್ಪುದಿಲ್ಲ ಮಾರಾಯ್ರೆ. ನೀವಾದ್ರೂ ಬನ್ನಿ” ಎಂದರು. ನನಗೇನು, ಐವತ್ತೊಂದು ಎಂದು ಧೈರ್ಯವಾಗಿ ಹೇಳಿದೆ. “ಹಾಗಾದ್ರೆ ಒಂದು ಮೂವತ್ತನಾಲ್ಕು ಹುಡ್ಕಿ” ಎಂದರು.

ನಿನ್ನ ಹಯಾಸೆಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸಿರಬೇಕು ಎಂದು ಆ ಗಳಿಗೆಯಲ್ಲೇ ಹೊಳೆಯಿತು. ಬ್ಯಾಗಿನಿಂದ ಒಂದು ಬ್ಯಾಟು ತೆಗೆದುಕೊಂಡು ಮೇಲೆ ಓಡಿದೆ. ಅವಳು ಎಲ್ಲ ಕೇಳಿಸಿಕೊಂಡು ಮೃದುವಾಗಿ ‘ಇಲ್ಲ’ ಎಂದಳು. “ಆಡುವುದು ನಿಲ್ಲಿಸಿದ್ದೇನೆ.” ಸರಿ, ಬಲವಂತ ಎಂತದು ಎಂದು ತಿರುಗಿದೆ. ಆಗ ನಾನು ಬ್ಯಾಟು ಹಿಡಿದದ್ದು ಅವಳ ಕಣ್ಣಿಗೆ ಬಿತ್ತು. ಸಾಂಬಾರಿನ ಸೌಟು ಹಿಡಿದ ಹಾಗೆ ಹಿಡಿದಿದ್ದೆ. ಅವಳಿಗೆ ತಡೆಯಲಾಗಲಿಲ್ಲ ಸುಪ್ಪಿ. ಕೈ ತಾನಾಗಿ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸರಿಯಾಗಿ ಕೂರಿಸಿತು. ಆಮೇಲೆ ತನ್ನ ಕೈಯನ್ನೇ ನೋಡಿಕೊಂಡು ನಿಂತಳು.

ಮರುದಿನ ಸಂಜೆ ನಮ್ಮ ಬಾಗಿಲಲ್ಲಿ ನಿಂತು, “ಹಿಡಿಯುವುದು ಮಾತ್ರ ಕಲಿಸುತ್ತೇನೆ. ಆಟ ಇಲ್ಲ” ಎಂದಳು. ಈಗ ಒಂದು ವಾರವಾಯಿತು, ಇನ್ನೂ ಹಿಡಿಯುವುದರಲ್ಲೇ ಇದ್ದೇವೆ.

ಅಮ್ಮ

*

ಮಂಗಳೂರು
12 ಡಿಸೆಂಬರ್ 2024

ಅಮ್ಮಾ,

ಇಡೀ ಹಾಸ್ಟೆಲಿಗೆ ನಿನ್ನ ಕಾಗದ ಓದಿ ಹೇಳಿದೆ. ವಿಜಯಪುರದ ಒಬ್ಬ ಹುಡುಗಿ ‘ನಿಮ್ಮವ್ವ ಭಾರೀ ಗಟ್ಟಿಗಿತ್ತಿ’ ಎಂದಳು. ನಾನು ಹೊಟ್ಟೆಕಿಚ್ಚಿನಿಂದ ಸಾಯುತ್ತಿದ್ದೇನೆ. ಆದರೂ ಒಂದು ವಿಷಯ ಹೇಳಲೇಬೇಕು, ಯಾಕೆಂದರೆ ನೀನು ಅವರನ್ನು ನಗುನಗುತ್ತಲೇ ಆಟಕ್ಕೆ ಎಳೆದುಬಿಡುತ್ತೀ, ನನಗೆ ನಿನ್ನ ಬುದ್ಧಿ ಗೊತ್ತು.

ಅವರು ನಿಲ್ಲಿಸಿದ್ದು ಯಾಕೆಂದು ಹಿಂದಿನ ಕಾಗದದಲ್ಲಿ ಬರೆಯಲಿಲ್ಲ. ಒಸಾಕಾದಲ್ಲಿ ಒಂದು ಫೈನಲ್. ಮೂರನೇ ಗೇಮು, ಮುಗಿಯಲು ಇನ್ನು ನಾಲ್ಕೈದು ಪಾಯಿಂಟು. ಶಟಲ್ ಇಬ್ಬರ ನಡುವೆ ಬಂತು. ತೊಮೊಯೆ ಅದನ್ನು ಆಯುಮಿಗೆ ಬಿಟ್ಟರು. ಆಯುಮಿ ಕಾಲು ಚಾಚಿದಳು, ಮೊಣಕಾಲು ತಿರುಚಿತು. ಈಗ ಫಿಸಿಯೋಥೆರಪಿ ಓದುತ್ತಿರುವುದರಿಂದ ಒಳಗೆ ಏನು ಹರಿಯಿತು ಎಂದು ನನಗೆ ಗೊತ್ತು. ಆವತ್ತು ಟಿವಿಯಲ್ಲಿ ಕಂಡದ್ದು ಆಯುಮಿ ನೆಲದ ಮೇಲೆ, ತೊಮೊಯೆ ಪಕ್ಕದಲ್ಲಿ ಮಂಡಿಯೂರಿ, ಅಷ್ಟೇ. ಆಯುಮಿ ಮತ್ತೆ ಆಡಲಿಲ್ಲ.

ಕಂಪನಿ ತೊಮೊಯೆಗೆ ಹತ್ತೊಂಬತ್ತರ ಒಬ್ಬ ಹುಡುಗಿಯನ್ನು ಜೊತೆ ಮಾಡಿತು. ಆ ಎರಡು ವರ್ಷದ ವಿಡಿಯೋ ನೋಡಿದರೆ ಬೇಜಾರಾಗುತ್ತದೆ. ನಡುವೆ ಬಂದ ಒಂದು ಶಟಲನ್ನೂ ತೊಮೊಯೆ ಬಿಡುತ್ತಿರಲಿಲ್ಲ. ಹುಡುಗಿಯ ಮುಂದೆ ಹಾರಿ, ಹಿಂದೆ ಓಡಿ, ಎಲ್ಲವನ್ನೂ ತಾವೇ ಹೊಡೆದರು. ಒಬ್ಬರೇ ಡಬಲ್ಸ್ ಆಡಿದರೆ ಎಲ್ಲಿಗೆ ಬರುತ್ತದೆ? ಸಾಲಾಗಿ ಸೋತರು. ಕೊನೆಗೆ ಆ ಹುಡುಗಿಯೇ ತನಗೆ ಬೇರೆ ಜೊತೆ ಬೇಕೆಂದು ಕೇಳಿದಳು. ಮೂವತ್ತೆರಡಕ್ಕೆ ತೊಮೊಯೆ ನಿವೃತ್ತಿ ಎಂದು ಎರಡು ಸಾಲಿನ ಸುದ್ದಿ ಬಂತು.

ಅಮ್ಮಾ, ನಿನಗೂ ಮೊಣಕಾಲು ಎಂಬುದೊಂದಿದೆ, ಅದಕ್ಕೆ ಐವತ್ತೊಂದು ವರ್ಷ. ಚೀಟಿಯಲ್ಲಿ ವ್ಯಾಯಾಮ ಬರೆದಿಟ್ಟಿದ್ದೇನೆ, ದಿನಾ ಮಾಡು. ಬೀಳಬೇಡ. ಬೇರೆ ಯಾರ ಎದುರು ಬಿದ್ದರೂ ಅವರ ಎದುರು ಬೀಳಬೇಡ.

ಸುಪ್ಪಿ

*

ಬ್ನೇದ್ ಅಲ್ ಗಾರ್
13 ಜನವರಿ 2025

ಪ್ರೀತಿಯ ಸುಪ್ಪಿ,

ನಾವು ಕಪ್ಪು ಗೆದ್ದೆವು. ನನಗೆ ಮೈಯೆಲ್ಲಾ ಸಿಟ್ಟು.

ಮೊದಲಿನಿಂದ ಹೇಳುತ್ತೇನೆ. ಹಿಡಿಯುವುದು ಕಲಿಸಲು ಬಂದವಳು ಹೊಡೆಯುವುದು ಕಲಿಸದೆ ಇರಲಾಗದೆ ನನ್ನನ್ನು ಸರ್ದಾಬಿಗೆ ಕರೆದುಕೊಂಡು ಹೋದಳು, ಕಟ್ಟಡದ ನೆಲಮಾಳಿಗೆಯ ಪಾರ್ಕಿಂಗಿಗೆ. ಎರಡು ಕಂಬದ ನಡುವೆ ನನ್ನ ಹಳೆಯ ಸೀರೆ ಕಟ್ಟಿದೆವು, ಅದೇ ನೆಟ್ಟು. ಚಾವಣಿ ತಗ್ಗು, ಹಾಗಾಗಿ ನನಗೆ ಬಂದದ್ದು ನೇರ ಹೊಡೆತ ಮಾತ್ರ, ಎತ್ತರದ್ದು ಇಂದಿಗೂ ಬರುವುದಿಲ್ಲ. ಹಾರಿಸ್ ದಿನಾ ಬಂದು ‘ಖಲಾಸ್, ಖಲಾಸ್’ ಎಂದು ನಿಲ್ಲಿಸಲು ಹೇಳುತ್ತಿದ್ದ. ಒಂದು ದಿನ ಅವಳು ಹೊಡೆದ ಸ್ಮ್ಯಾಶು ನೋಡಿದ ಮೇಲೆ ತಾನೇ ಒಂದು ಕಾರನ್ನು ಆಚೆ ಸರಿಸಿ ಜಾಗ ಮಾಡಿಕೊಟ್ಟ. ಪಪ್ಪ ಕೆಲಸದಿಂದ ಬಂದವರು ಚಹಾ ಕೇಳದೆ ನೇರ ಸರ್ದಾಬಿಗೆ ಬರುತ್ತಿದ್ದರು. ಹೀಗೆ ಒಂದು ದಿನ ಅವಳೇ, “ಟೂರ್ನಿಯ ಹಾಲಿನಲ್ಲಿ ಚಾವಣಿ ಎತ್ತರ ಇರುತ್ತದಾ?” ಎಂದು ಕೇಳಿದಳು. ನಾನು ಬಾಯಿಮುಚ್ಚಿಕೊಂಡು ಬೊನವೆಂಚರ್ ಅವರಿಗೆ ಹೆಸರು ಕೊಟ್ಟೆ. ಕಮಿಟಿಯಲ್ಲಿ ಗಲಾಟೆ ಆಯಿತಂತೆ, ಅಂತಾರಾಷ್ಟ್ರೀಯ ಮಟ್ಟದಲ್ಲಿ ಆಡಿದವರನ್ನು ಹೇಗೆ ಸೇರಿಸುವುದು ಎಂದು. “ಒಟ್ಟು ಎಂಬತ್ತೈದು ಇರ್ಬೇಕು ಅಂತ ಮಾತ್ರ ನಿಯಮದಲ್ಲಿ ಉಂಟು. ಜಪಾನಿನವರು ಬರ್ಬಾರ್ದು ಅಂತ ಇಲ್ಲ” ಎಂದು ಬೊನವೆಂಚರ್ ಇಬ್ಬರ ಸಿವಿಲ್ ಐಡಿಯ ಪ್ರತಿ ಮೇಜಿನ ಮೇಲೆ ಇಟ್ಟರಂತೆ.

ಶುಕ್ರವಾರ ಆಡಿದೆವು. ಆಡಿದೆವು ಎನ್ನುವುದೇ ಸುಳ್ಳು. ನಾನು ಸರ್ವಿಸ್ ಮಾಡಿದೆ, ನನಗೆ ಬಂದ ಸರ್ವಿಸ್ ತೆಗೆದೆ, ಉಳಿದದ್ದೆಲ್ಲ ಅವಳೇ. ನನ್ನ ಮೂಗಿನ ಮುಂದೆ ಬಂದ ಶಟಲ್ಲಿಗೂ ಹಿಂದಿನಿಂದ ಹಾರಿ ಬರುತ್ತಿದ್ದಳು. ನಾನು ಕೈ ಎತ್ತುವಷ್ಟರಲ್ಲಿ ಅದು ಆಚೆ ನೆಲಕ್ಕೆ ಬಿದ್ದಿರುತ್ತಿತ್ತು. ಜನ ಕುರ್ಚಿಯ ಮೇಲೆ ಹತ್ತಿ ನಿಂತು ಚಪ್ಪಾಳೆ ಹೊಡೆದರು. ನಾನು ಬಟ್ಟೆ ನೇತುಹಾಕುವ ಗೂಟದ ಹಾಗೆ ಮೂಲೆಯಲ್ಲಿ ನಿಂತಿದ್ದೆ. ಕಪ್ಪಿನ ಜೊತೆ ಒಂದು ಏರ್ ಫ್ರೈಯರ್ ಕೊಟ್ಟರು. ಎಲ್ಲರೂ ‘ಕುಸುಮಕ್ಕ ಲಕ್ಕಿ’ ಎಂದರು. ಆ ಮಾತು ಕೇಳಿ ಅಳು ಬಂತು.

ವಾಪಸ್ ಬರುವಾಗ ಕಾರಿನಲ್ಲಿ ಹೇಳಿಯೇಬಿಟ್ಟೆ. “ತೊಮೊಯೆ, ನೀವು ಗೆದ್ದದ್ದು. ನಾನು ನಿಂತದ್ದು.” ಪಪ್ಪ ಕನ್ನಡಿಯಲ್ಲಿ ನನಗೆ ಕಣ್ಣು ಬಿಟ್ಟರು. ಅವಳು ಮನೆ ತನಕ ಕಿಟಕಿಯ ಕಡೆಯೇ ತಿರುಗಿ ಕೂತಳು.

ನಿನ್ನೆ ಕೆಳಗೆ ಬಂದಳು. ನನ್ನ ಚಕ್ಕುಲಿ ಡಬ್ಬಿಯಲ್ಲಿ ಅಕ್ಕಿಯ ಬಿಸ್ಕತ್ತು ತುಂಬಿಸಿ ತಂದಿದ್ದಳು. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ತನ್ನ ಹಳೆಯ ಶಾಲೆ ಕರೆಯುತ್ತಿದೆ ಎಂದಳು. ಏಪ್ರಿಲಿನಿಂದ ಹುಡುಗಿಯರಿಗೆ ಡಬಲ್ಸ್ ಕಲಿಸಬೇಕು. ಗಂಡನ ಕೆಲಸವೂ ಮಾರ್ಚಿಗೆ ಇಲ್ಲಿ ಮುಗಿಯುತ್ತದೆ. ಅವಳು ಇನ್ನೂ ಉತ್ತರ ಬರೆದಿಲ್ಲ. “ಬಿಡಲು ಬಾರದವಳು ಡಬಲ್ಸ್ ಹೇಗೆ ಕಲಿಸುವುದು?” ಎಂದಳು. ‘ಬಿಡು’ ಎಂದರೆ ಕಾಲು ಕೇಳುವುದಿಲ್ಲವಂತೆ, ನಡುವೆ ಶಟಲ್ ಕಂಡ ಕೂಡಲೇ ತಾನೇ ಓಡುತ್ತದಂತೆ.

ನೀನು ಬರೆದದ್ದೆಲ್ಲ ನನಗೆ ಗೊತ್ತು ಎಂದು ತೋರಿಸಿಕೊಳ್ಳಲಿಲ್ಲ. ನನ್ನದನ್ನು ಮಾತ್ರ ಹೇಳಿದೆ. ಇಪ್ಪತ್ತನಾಲ್ಕು ವರ್ಷದಿಂದ ಈ ಊರಿನಲ್ಲಿ ಅಡುಗೆ ಮಾಡಿದ್ದೇನೆ, ಪಾರ್ಸೆಲು ಕಟ್ಟಿದ್ದೇನೆ, ಏರ್‌ಪೋರ್ಟಿನಲ್ಲಿ ಕೈ ಬೀಸಿದ್ದೇನೆ. ಇದು ನನ್ನದು ಎನ್ನುವ ಹಾಗೆ ಒಂದು ಶಟಲ್ ಹೊಡೆಯಬೇಕೆಂದು ನನಗೆ ಆಸೆಯಾಗಿದೆ, ಅದು ಔಟಾದರೂ ಚಿಂತೆಯಿಲ್ಲ. ಫೆಬ್ರವರಿಯಲ್ಲಿ ಅಹ್ಮದಿಯಲ್ಲಿ ಇನ್ನೊಂದು ಟೂರ್ನಿ ಇದೆ. “ನಡುವೆ ಬಂದದ್ದು ನನಗೆ ಬಿಡಿ. ಸೋತರೆ ಸೋಲುವ” ಎಂದೆ. ಅವಳು ಡಬ್ಬಿಯನ್ನು ನನ್ನ ಕಡೆ ಸರಿಸಿ ‘ಪ್ರಯತ್ನ’ ಎಂದಳು.

ಅಮ್ಮ

*

ಮಂಗಳೂರು
29 ಜನವರಿ 2025

ಅಮ್ಮಾ,

ಕಪ್ಪು ಗೆದ್ದು ಅತ್ತವಳು ನೀನೊಬ್ಬಳೇ ಇರಬೇಕು. ಏರ್ ಫ್ರೈಯರನ್ನು ಪಪ್ಪ ಹೊಗಳಿದ್ದೇ ಹೊಗಳಿದ್ದು, ಫೋನಿನಲ್ಲಿ ಅದರ ಸದ್ದನ್ನೂ ಕೇಳಿಸಿದರು.

ಹುಡುಕಿ ಹುಡುಕಿ ಒಂದು ವಿಷಯ ಸಿಕ್ಕಿದೆ. ಆಯುಮಿ ಹೋದ ವರ್ಷ ಜಪಾನಿನ ಒಂದು ಕಾರ್ಯಕ್ರಮದಲ್ಲಿ ಮಾತಾಡಿದ್ದಾಳೆ. ಯಾರೋ ಪುಣ್ಯಾತ್ಮರು ಕೆಳಗೆ ಇಂಗ್ಲಿಷು ಹಾಕಿದ್ದಾರೆ. ‘ಆ ಶಟಲ್ ನನ್ನದಾಗಿತ್ತು. ತೊಮೊಯೆ ಅದನ್ನು ತೆಗೆದುಕೊಂಡಿದ್ದರೆ ನಾನು ಅವಳ ಜೊತೆ ಮಾತು ಬಿಡುತ್ತಿದ್ದೆ. ಈಗ ಅವಳೇ ಮಾತು ಬಿಟ್ಟಿದ್ದಾಳೆ’ ಎಂದು ನಗುತ್ತಾಳೆ. ನಕ್ಕ ಮೇಲೆ ಬೇರೆ ಕಡೆ ನೋಡುತ್ತಾಳೆ. ಇದನ್ನು ಅವರಿಗೆ ಹೇಳಬೇಕಾ ಬೇಡವಾ ಎಂದು ನೀನೇ ತೀರ್ಮಾನಿಸು. ನನಗೆ ತಿಳಿಯುವುದಿಲ್ಲ.

ಆಟದ ಬಗ್ಗೆ ಒಂದು ಮಾತು. ಜನವರಿಯಲ್ಲಿ ನಿಮ್ಮನ್ನು ನೋಡಿದವರು ಈ ಸಲ ಬೇಕೆಂದೇ ನಡುವೆ ಹೊಡೆಯುತ್ತಾರೆ, ಇಬ್ಬರೂ ಡಿಕ್ಕಿಯಾಗಲಿ ಎಂದು. ಸಿದ್ಧವಾಗಿರು. ಮತ್ತೆ ವ್ಯಾಯಾಮ ಬಿಟ್ಟಿಲ್ಲ ತಾನೇ?

ನಾನೂ ಮೊನ್ನೆ ಕಾಲೇಜಿನ ಕೋರ್ಟಿಗೆ ಹೋಗಿದ್ದೆ, ಆ ವಿಜಯಪುರದ ಹುಡುಗಿಯ ಜೊತೆ. ಅವಳಿಗೆ ಏನೂ ಬರುವುದಿಲ್ಲ. ಕಲಿಸುತ್ತಿದ್ದೇನೆ.

ಸುಪ್ಪಿ

*

ಬ್ನೇದ್ ಅಲ್ ಗಾರ್
16 ಫೆಬ್ರವರಿ 2025

ಪ್ರೀತಿಯ ಸುಪ್ಪಿ,

ಸೋತೆವು. ಫೈನಲಿನಲ್ಲಿ, ಮೂರನೇ ಗೇಮಿನಲ್ಲಿ, ಎರಡೇ ಪಾಯಿಂಟಿನಿಂದ. ನಿನಗೆ ಬೇಜಾರಾಗುವುದು ಬೇಡವೆಂದು ಮೊದಲೇ ಹೇಳಿದೆ. ಇನ್ನೊಂದು ಸುದ್ದಿ, ನಿನ್ನೆ ತೊಮೊಯೆ ಶಾಲೆಗೆ ಉತ್ತರ ಬರೆದಳು. ಏಪ್ರಿಲಿಗೆ ಹೋಗುತ್ತಾಳೆ. ಇವೆರಡೂ ಹೇಗಾದವು ಎಂದು ಈಗ ಸಮಾಧಾನವಾಗಿ ಓದು. ನನಗೇ ಸಮಾಧಾನವಿಲ್ಲ, ಅಂಗೈಗೆ ಬ್ಯಾಂಡೇಜು ಸುತ್ತಿಕೊಂಡು ಬರೆಯುತ್ತಿದ್ದೇನೆ.

ಆಯುಮಿಯ ಮಾತು ಅವಳಿಗೆ ಹೇಳಲಿಲ್ಲ. ಅದು ಜಪಾನೀಯಲ್ಲೇ ಇದೆಯಲ್ಲ, ಕೇಳಬೇಕೆನಿಸಿದ ದಿನ ಅವಳೇ ಕೇಳುತ್ತಾಳೆ. ನಾವು ಸರ್ದಾಬಿನಲ್ಲಿ ಒಂದೇ ಪಾಠ ಮಾಡಿದೆವು. ಪಪ್ಪ ಆಚೆಯಿಂದ ಇಬ್ಬರ ನಡುವೆ ಶಟಲ್ ಎಸೆಯುವುದು, ಅವಳು ‘ನಿಮ್ದು’ ಎಂದು ಕೂಗಿ ಬಿಡುವುದು. ‘ನಿಮ್ದು’ ಅವಳು ನನ್ನಿಂದ ಕಲಿತ ಮೊದಲ ಕನ್ನಡ. ಬಾಯಿ ಕೂಗುತ್ತಿತ್ತು, ಕಾಲು ಓಡಿ ಬರುತ್ತಿತ್ತು. ನನಗೆ ಎರಡು ಸಲ ಬ್ಯಾಟು ಭುಜಕ್ಕೆ ತಾಗಿತು. ಅವಳು ತನ್ನ ತೊಡೆಗೆ ತಾನೇ ಹೊಡೆದುಕೊಂಡು ‘ಮತ್ತೊಮ್ಮೆ’ ಎನ್ನುತ್ತಿದ್ದಳು.

ಅಹ್ಮದಿಯ ಹಾಲು ಜನರಿಂದ ತುಂಬಿ ಹೋಗಿತ್ತು. ಎದುರಾಳಿ ಟೀಚರ್ ಕದೀಜಾ ಮತ್ತು ಬ್ಯಾಂಕಿನ ಪಾವನಾ, ಇಬ್ಬರೂ ಹತ್ತು ವರ್ಷದಿಂದ ಜೊತೆಗೆ ಆಡುವವರು. ನೀನು ಹೇಳಿದ ಹಾಗೇ ಆಯಿತು. ಮೊದಲಿನಿಂದಲೂ ನಡುವಿಗೇ ಹೊಡೆದರು. ಮೊದಲ ಗೇಮು ತೊಮೊಯೆ ಎಲ್ಲವನ್ನೂ ತಾನೇ ತೆಗೆದು ಗೆದ್ದಳು. ಗೆದ್ದು ಬಂದವಳು ನನ್ನ ಮುಖ ನೋಡಲಿಲ್ಲ. ನಾನು ನೀರು ಕುಡಿದು, “ಇನ್ನೊಂದು ಏರ್ ಫ್ರೈಯರ್ ಇಡ್ಲಿಕ್ಕೆ ನಮ್ಮ ಅಡುಗೆಮನೆಯಲ್ಲಿ ಜಾಗ ಇಲ್ಲ” ಎಂದೆ. ಅವಳಿಗೆ ನಗು ಬಂತು. ಎರಡನೇ ಗೇಮಿನಲ್ಲಿ ಬಿಡತೊಡಗಿದಳು. ಎಲ್ಲವನ್ನೂ ಅಲ್ಲ, ಒಂದು ಬಿಟ್ಟರೆ ಎರಡು ತೆಗೆಯುವುದು. ನಾನು ಹೊಡೆದದ್ದರಲ್ಲಿ ಅರ್ಧ ನೆಟ್ಟಿಗೆ. ಆ ಗೇಮು ಅವರಿಗೆ ಹೋಯಿತು. ಆದರೆ ಉಳಿದ ಅರ್ಧ ಆಚೆ ಬಿತ್ತು ಸುಪ್ಪಿ, ನನ್ನ ಕೈಯಿಂದ, ಕದೀಜಾಳ ಕಾಲ ಬುಡದಲ್ಲಿ. ಪಪ್ಪ ಎದ್ದು ಕುಣಿದದ್ದನ್ನು ಯಾರೋ ವಿಡಿಯೋ ಮಾಡಿದ್ದಾರೆ.

ಮೂರನೇ ಗೇಮು, ಎರಡೂ ಕಡೆ ಹದಿನೇಳು. ಉದ್ದದ ರ‍್ಯಾಲಿ. ಹಾಲಿನಲ್ಲಿ ಶೂಗಳ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಪಾವನಾ ರಪ್ಪನೆ ನಡುವಿಗೆ ಹೊಡೆದಳು. ಹಿಂದಿನಿಂದ ‘ನಿಮ್ದು’ ಎಂದು ಕೇಳಿಸಿತು. ಈ ಸಲ ಕಾಲ ಸದ್ದು ಬರಲಿಲ್ಲ. ಅವಳು ನಿಂತಿದ್ದಳು, ಪೂರ್ತಿ ಬಿಟ್ಟಿದ್ದಳು. ನಾನು ಹಾರಿದೆ. ಹೊಡೆದದ್ದು ನೆನಪಿದೆ. ಆಮೇಲೆ ನೆಲ ಮೇಲೆ ಬಂತು.

ಧಡ್ ಎಂದು ಬಿದ್ದೆ. ಬಲಗಾಲು ಮಡಚಿ, ಅದರ ಮೇಲೇ. ಇಡೀ ಹಾಲು ‘ಅಯ್ಯೋ’ ಎಂದಿತು. ನಾನು ಕಣ್ಣು ತೆರೆದಾಗ ಮೊದಲು ಕಂಡದ್ದು ತೊಮೊಯೆ. ಅವಳ ಬ್ಯಾಟು ನೆಲದ ಮೇಲಿತ್ತು. ಮುಖ ಸುಣ್ಣದ ಹಾಗಾಗಿತ್ತು. ಅವಳು ನೋಡುತ್ತಿದ್ದದ್ದು ನನ್ನನ್ನಲ್ಲ ಎಂದು ನನಗೆ ಗೊತ್ತಾಯಿತು. ಬೀಳಬೇಡ ಎಂದು ನೀನು ಬರೆದದ್ದು ಆಗ ನೆನಪಾಯಿತು, ಪ್ರಯೋಜನವೇನು? ಕಾಲು ಮೆಲ್ಲ ಚಾಚಿದೆ. ಚಾಚಿತು. ಅಂಗೈ ತರಚಿತ್ತು, ಅಷ್ಟೇ. ನಿನ್ನ ವ್ಯಾಯಾಮಕ್ಕೆ ನೂರು ನಮಸ್ಕಾರ.

“ಒಳಗೆ ಬಿತ್ತಾ?” ಎಂದು ಕೇಳಿದೆ.

ಅವಳು ಪಕ್ಕದಲ್ಲಿ ಕೂತು ನನ್ನ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದು ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು. ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಪಪ್ಪ ನೀರಿನ ಬಾಟಲಿ ಹಿಡಿದು ಅಡ್ಡಗಟ್ಟೆ ದಾಟಿ ಬಂದಿದ್ದರು. ಬೊನವೆಂಚರ್ ಬಗ್ಗಿ “ನಿಲ್ಸುವನಾ ಕುಸುಮಕ್ಕ? ಸಾಕು, ಕಾಲು ಮುಖ್ಯ” ಎಂದರು. “ಮೊದ್ಲು ಹೇಳಿ, ಒಳಗೆ ಬಿತ್ತಾ ಇಲ್ವಾ?” ಎಂದೆ. ಜನ ನಗಲು ಶುರು ಮಾಡಿದರು. ಆಗ ತೊಮೊಯೆ ಮೂಗು ಎಳೆದುಕೊಂಡು “ಒಳಗೆ, ಅಕ್ಕ” ಎಂದಳು. ಹದಿನೆಂಟು ನಮಗೆ. “ಹಾಗಾದ್ರೆ ಯಲ್ಲಾ, ಆಡುವ” ಎಂದು ಎದ್ದು ನಿಂತೆ.

ಇನ್ನು ಅವಳು ಬಿಡುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಬಿಡಬಾರದು ಎಂದೂ ಅನಿಸಿತು. ಇಷ್ಟು ಕಂಡ ಮೇಲೆ ಪಾಪ, ಎಲ್ಲವನ್ನೂ ಅವಳೇ ಹೊಡೆದುಕೊಳ್ಳಲಿ, ನನ್ನ ಆಸೆ ತೀರಿತಲ್ಲ. ಸರ್ವಿಸ್ ಆಯಿತು. ನಾಲ್ಕು ಹೊಡೆತ ಆಚೆ ಈಚೆ ಹೋಗಿ ಬಂದವು. ಐದನೆಯದನ್ನು ಕದೀಜಾ ಮತ್ತೆ ನಡುವಿಗೇ ಕಳಿಸಿದಳು. ನಾನು ಬೇಗ ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟೆ.

ಶಟಲ್ ಬಂದು ನಮ್ಮಿಬ್ಬರ ನಡುವೆ ನೆಲಕ್ಕೆ ಬಿತ್ತು. ಯಾರೂ ಹೊಡೆಯಲಿಲ್ಲ.

ತಿರುಗಿ ನೋಡಿದೆ. ಅವಳು ಹಿಂದೆ ತನ್ನ ಜಾಗದಲ್ಲೇ ನಿಂತಿದ್ದಳು, ಬ್ಯಾಟು ಕೆಳಗಿಳಿಸಿ. ನಾನು ಬಿದ್ದದ್ದನ್ನು ಕಂಡ ಮೇಲೂ ನನಗೇ ಬಿಟ್ಟಿದ್ದಳು. ಇಬ್ಬರೂ ಶಟಲನ್ನು ನೋಡಿದೆವು, ಮುಖ ಮುಖ ನೋಡಿಕೊಂಡೆವು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಪಾಯಿಂಟು ಹೋಯಿತೆಂದು ಪಪ್ಪ ತಲೆ ಮೇಲೆ ಕೈ ಹೊತ್ತಿದ್ದರು. ಅಂಪೈರು ‘ಪ್ಲೇ, ಪ್ಲೇ’ ಎಂದು ಗದರಿಸಿದರು. ಅವಳು ಶಟಲ್ ಎತ್ತಿ ಆಚೆ ಕೊಟ್ಟು ನನ್ನ ಹತ್ತಿರ ಬಂದಳು. ನಗುತ್ತಲೇ ಇದ್ದಳು, ಕೆನ್ನೆ ಇನ್ನೂ ಒದ್ದೆಯಾಗಿತ್ತು.

“ಮುಂದಿನದೂ ನಿಮ್ದು” ಎಂದಳು.

ಬಂತು. ಹೊಡೆದೆ.

ನಿನ್ನ
ಅಮ್ಮ